"ಇದರಿಂದ ಏನು ಕಲಿತೆ?" ಅಂತ ಕೇಳದೆ ಮಕ್ಕಳ ಜೊತೆ ಕಾದಂಬರಿ ಓದುವುದು ಹೇಗೆ

ಮಗು ಒಂದು ಕತೆ ಓದಿ ಮುಗಿಸಿದ ತಕ್ಷಣ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ "ಇದರಿಂದ ಏನು ಕಲಿತೆ?" ಪಂಚತಂತ್ರವನ್ನು ಹಾಗೇ ಕೇಳಿ ಬೆಳೆದವರು ನಾವು. ಕೋತಿ ಮತ್ತು ಮೊಸಳೆಯ ಕತೆಗೆ ಆ ಪ್ರಶ್ನೆ ಸರಿಯೇ. ಆದರೆ ಹತ್ತು ವರ್ಷ ದಾಟಿದ ಮಕ್ಕಳಿಗೆ ಇನ್ನೊಂದು ಬಗೆಯ ಕಾದಂಬರಿಗಳಿವೆ. ಅಲ್ಲಿ ಒಬ್ಬ ಹುಡುಗನೋ ಹುಡುಗಿಯೋ ತಾನು ಯಾರು, ತನಗೆ ನಿಜವಾಗಿ ಏನು ಬೇಕು, ಯಾರ ಜೊತೆ ನಿಲ್ಲಬೇಕು ಅಂತ ತಡಕಾಡುತ್ತಿರುತ್ತಾರೆ. ಅಂಥ ಪುಸ್ತಕ ಮುಚ್ಚಿಟ್ಟ ಮೇಲೆ ಈ ಪ್ರಶ್ನೆ ಕೇಳಿದರೆ ಮಗು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. "ಸುಳ್ಳು ಹೇಳಬಾರದು." "ಸ್ನೇಹಿತರಿಗೆ ಸಹಾಯ ಮಾಡಬೇಕು." ಮುಗೀತು. ಎದ್ದು ಆಡೋಕೆ ಹೋಗುತ್ತದೆ. ಪುಸ್ತಕ ಅವನನ್ನು ಎಲ್ಲಿ ಮುಟ್ಟಿತು ಅನ್ನುವುದು ನಮಗೆ ತಿಳಿಯುವುದೇ ಇಲ್ಲ.

ಅಪ್ಪ ಅಮ್ಮಂದಿರು, ಟೀಚರ್‌ಗಳು, ಊರ ಲೈಬ್ರರಿಯಲ್ಲೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓದುವ ಆಸೆ ಇರುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ಭಾನುವಾರಗಳಂದು ಇಂಥದ್ದೊಂದು ಚಿಕ್ಕ ಗುಂಪಿನ ಜೊತೆ ಓದುತ್ತೇನೆ. ಐದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳು. ಇಲ್ಲಿ ಹೇಳುವುದು ಬಹುಪಾಲು ಅಲ್ಲಿ ನಡೆದು ಬಂದ ಕ್ರಮ. ಇಡೀ ಕ್ರಮ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಇಂಥ ಪ್ರತಿ ಒಳ್ಳೆಯ ಕಾದಂಬರಿಯಲ್ಲೂ ಕತೆಯೊಳಗಿನ ಮಗು ಒಬ್ಬನೇ ನಿಂತು, ಯಾರ ಮಾತೂ ಕೇಳದೆ, ಒಂದು ತೀರ್ಮಾನ ಮಾಡುವ ಜಾಗ ಇರುತ್ತದೆ. ಆ ಜಾಗವನ್ನು ನೀವು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಓದುವ ಮಗುವನ್ನು ಅಲ್ಲಿವರೆಗೆ ಕರೆದುಕೊಂಡು ಹೋಗಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಇರಬೇಕು. ಕೊನೆಯದೇ ಕಷ್ಟ.

ಮೊದಲ ಹೆಜ್ಜೆ: ಪುಸ್ತಕವನ್ನು ಸ್ವಲ್ಪ ಹೊತ್ತು ಪರೀಕ್ಷೆ ಮಾಡಿ

ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತಲ್ಲೇ ಮಾಡಬಹುದಾದ ಪರೀಕ್ಷೆ ಇದು. ಮೊದಲ ಮೂರು ನಾಲ್ಕು ಪುಟ ಓದಿ. ಕತೆಯ ಮಗುವಿಗೆ ಏನೋ ಒಂದು ಬೇಕಾಗಿದೆ ಅಂತ ಅಷ್ಟರಲ್ಲಿ ಗೊತ್ತಾಗಬೇಕು. ಆಮೇಲೆ ಮಧ್ಯದಲ್ಲಿ ಎಲ್ಲಾದರೂ ತೆರೆದು ಒಂದು ಅಧ್ಯಾಯ ಓದಿ. ಅಲ್ಲಿ ಕಷ್ಟ ಬಂದಾಗಲೆಲ್ಲ ಒಬ್ಬ ಜಾಣ ತಾತನೋ ಒಳ್ಳೆಯ ಮೇಷ್ಟ್ರೋ ಬಂದು ಬಿಡಿಸುತ್ತಿದ್ದರೆ ಆ ಪುಸ್ತಕವನ್ನು ವಾಪಸ್ ಇಟ್ಟುಬಿಡಿ. ಅದು ಕೆಟ್ಟ ಪುಸ್ತಕ ಅಂತಲ್ಲ, ನಮ್ಮ ಈ ಕೆಲಸಕ್ಕೆ ಆಗುವುದಿಲ್ಲ ಅಷ್ಟೆ. ದೊಡ್ಡವರು ಎಲ್ಲ ಬಗೆಹರಿಸಿಕೊಡುವ ಕಡೆ ಮಗುವಿಗೆ ತನ್ನನ್ನು ತಾನು ಕಂಡುಕೊಳ್ಳುವ ಅವಕಾಶವೇ ಇಲ್ಲ, ಅಲ್ವಾ?

ಕೊನೆಯ ಪುಟವನ್ನೂ ನೋಡಿ. ಮಗುವಿಗೆ ಬೇಡ, ನಿಮಗೆ ನೋಡಲು ಅಡ್ಡಿಯಿಲ್ಲ. ಮೊದಲ ಪುಟದ ಹುಡುಗಿಯೇ ಕೊನೆಯ ಪುಟದಲ್ಲೂ ಇದ್ದಾಳಾ, ಅಥವಾ ಏನಾದರೂ ಕಳೆದುಕೊಂಡು, ಏನಾದರೂ ಪಡೆದುಕೊಂಡು ಬೇರೆಯಾಗಿದ್ದಾಳಾ? ಬರೀ ಗೆದ್ದಿದ್ದರೆ, ಕಪ್ ಎತ್ತಿದ್ದರೆ, ಎಲ್ಲರೂ ಚಪ್ಪಾಳೆ ತಟ್ಟಿದ್ದರೆ ನಾನು ಸ್ವಲ್ಪ ಅನುಮಾನ ಪಡುತ್ತೇನೆ. ಏನೂ ಕಳೆದುಕೊಳ್ಳದೆ ಬೆಳೆದ ಹುಡುಗಿ ನನಗೆ ಪುಸ್ತಕದ ಹೊರಗೂ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಐವತ್ತು ಅರವತ್ತು ಪುಟಕ್ಕೆ ಇಳಿಸಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ ಮಾರುತ್ತಾರಲ್ಲ, ಅವುಗಳ ಮೇಲೆ ನನಗೆ ಸಿಟ್ಟಿದೆ. ಸಾಹಸ ಅಷ್ಟನ್ನೂ ಉಳಿಸಿಕೊಳ್ಳುತ್ತಾರೆ, ಮಗು ಒಬ್ಬನೇ ಕೂತು ಯೋಚಿಸುವ ಪುಟಗಳನ್ನು ಕತ್ತರಿಸುತ್ತಾರೆ. ನಮಗೆ ಬೇಕಾಗಿದ್ದು ಆ ಪುಟಗಳೇ. ಸಂಕ್ಷಿಪ್ತ ಪುಸ್ತಕ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ, ಮುಖ್ಯವಾದ ಅಧ್ಯಾಯ ಅದರಲ್ಲಿ ಉಳಿದಿದೆಯಾ ಅಂತ ಒಮ್ಮೆ ತಿರುವಿ ನೋಡಿ.

ಎರಡನೇ ಹೆಜ್ಜೆ: ಪುಸ್ತಕ ಎಲ್ಲಿ ಸಿಗುತ್ತದೆ

ಕನ್ನಡದಲ್ಲಿ ಹುಡುಕಲು ಶುರುಮಾಡುವವರಿಗೆ ಒಂದು ಸುಲಭದ ದಾರಿ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಆ ಪಟ್ಟಿಯನ್ನು ಹಿಡಿದುಕೊಂಡು ಹೋಗಿ. ಕನ್ನಡಕ್ಕೆ ಮೊದಲ ಪುರಸ್ಕಾರ ಬಂದಿದ್ದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ. ಮರುವರ್ಷ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು'. ಈಚೆಗೆ 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಬಹುಮಾನ ಬಂದಿದ್ದೆಲ್ಲ ನಿಮ್ಮ ಮಗುವಿಗೆ ಹಿಡಿಸಲೇಬೇಕು ಅಂತೇನಿಲ್ಲ. ಮೊದಲ ಹೆಜ್ಜೆಯ ಪರೀಕ್ಷೆಯನ್ನು ಇವಕ್ಕೂ ಮಾಡಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಲೈಬ್ರರಿಗೆ ಹೋಗಿ. ಈಗ ಅವಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲಿ ಮಕ್ಕಳದ್ದೇ ಆದ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯ ಇದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಪುಸ್ತಕಗಳು ಪುಸ್ತಕ ಮೇಳಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಹೊರದೇಶದಲ್ಲಿರುವ ಕನ್ನಡದವರ ಮನೆಗಳಲ್ಲಿ ಬೇರೆ ಸಮಸ್ಯೆ. ಮಗುವಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪುಸ್ತಕ ಯಾವ ಭಾಷೆಯಲ್ಲಾದರೂ ಇರಲಿ, ಮಾತುಕತೆ ಕನ್ನಡದಲ್ಲಿ ನಡೆಯಲಿ. 'ನಾನು ಯಾರು' ಅನ್ನುವ ಪ್ರಶ್ನೆ ಆ ಮಕ್ಕಳಿಗೆ ನಮ್ಮ ಮಕ್ಕಳಿಗಿಂತ ಬೇಗ ಎದುರಾಗುತ್ತದೆ. ಶಾಲೆಯಲ್ಲಿ ಮೊದಲ ದಿನ ಹೆಸರು ಕೂಗುವಾಗಲೇ ಶುರುವಾಗುತ್ತದೆ.

ಮೂರನೇ ಹೆಜ್ಜೆ: ನೀವು ಮೊದಲು ಓದಿ, ಕೈಯಲ್ಲಿ ಪೆನ್ಸಿಲ್ ಇರಲಿ

ಇದನ್ನು ತಪ್ಪಿಸಲು ಯಾವ ಅಡ್ಡದಾರಿಯೂ ಇಲ್ಲ. ಪೂರ್ತಿ ಓದಿ. ಓದುವಾಗ ಮೂರು ಜಾಗಕ್ಕೆ ಸಣ್ಣ ಗುರುತು ಹಾಕಿ. ಮಗು ಯಾರನ್ನೋ ನೋಡಿ "ನಾನೂ ಹಾಗಿರಬೇಕು" ಅಂದುಕೊಳ್ಳುವ ಜಾಗ. ಹಾಗಿರಲು ಹೋಗಿ ಪೆಟ್ಟು ತಿನ್ನುವ ಜಾಗ. ಮತ್ತೆ, ಒಬ್ಬನೇ ತೀರ್ಮಾನ ಮಾಡುವ ಜಾಗ.

ಉದಾಹರಣೆಗೆ 'ಆನ್ ಆಫ್ ಗ್ರೀನ್ ಗೇಬಲ್ಸ್' ತೆಗೆದುಕೊಳ್ಳಿ. ಕೆನಡಾದ ಲೂಸಿ ಮಾಡ್ ಮಾಂಟ್‌ಗೊಮೆರಿ ಬರೆದಿದ್ದು, 1908ರಲ್ಲಿ ಅಚ್ಚಾಯಿತು. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಮದುವೆಯಾಗದ ಅಣ್ಣ ತಂಗಿ ಹೊಲದ ಕೆಲಸಕ್ಕೆ ಅನಾಥಾಶ್ರಮದಿಂದ ಒಬ್ಬ ಹುಡುಗನನ್ನು ಕಳಿಸಿ ಅಂದಿರುತ್ತಾರೆ, ಬಂದಿಳಿಯುವುದು ಹನ್ನೊಂದು ವರ್ಷದ ಕೆಂಪು ಕೂದಲಿನ ಹುಡುಗಿ. ಯಾರಿಗೂ ಬೇಡದವಳು ಅನ್ನುವುದು ಅವಳಿಗೆ ಆವತ್ತೇ ತಿಳಿಯುತ್ತದೆ. ಆಮೇಲೆ ಕ್ಲಾಸಿನಲ್ಲಿ ಒಬ್ಬ ಹುಡುಗ ಅವಳ ಜಡೆ ಹಿಡಿದು "ಕ್ಯಾರೆಟ್" ಅಂತ ಕಿಚಾಯಿಸಿದಾಗ ಅವಳು ಸ್ಲೇಟನ್ನು ಅವನ ತಲೆ ಮೇಲೆ ಹೊಡೆದು ಎರಡು ತುಂಡು ಮಾಡುತ್ತಾಳೆ. ಮಕ್ಕಳಿಗೆಲ್ಲ ಇಷ್ಟವಾಗುವುದು ಈ ಭಾಗ. ಆದರೆ ನನ್ನ ಪೆನ್ಸಿಲ್ ಗುರುತು ಇರುವುದು ಕೊನೆಯಲ್ಲಿ. ಕಾಲೇಜಿಗೆ ಹೋಗಲು ಸಿಕ್ಕ ಸ್ಕಾಲರ್‌ಶಿಪ್ಪನ್ನು ಬಿಟ್ಟು, ಕಣ್ಣು ಮಂಜಾಗುತ್ತಿರುವ ಮರಿಲ್ಲಾಳ (ಆ ಅಣ್ಣ ತಂಗಿಯರಲ್ಲಿ ತಂಗಿ) ಜೊತೆ ಉಳಿಯುತ್ತೇನೆ ಅಂತ ಅವಳು ಹೇಳುವ ಕಡೆ. ಯಾರೂ ಅವಳನ್ನು ಕೇಳಿರುವುದಿಲ್ಲ. ನಮ್ಮ ಗುಂಪಿನಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು. ಹುಡುಗಿಯರಲ್ಲಿ ಅರ್ಧದಷ್ಟು ಜನ "ಅವಳು ಹೋಗಬೇಕಿತ್ತು" ಅಂದರು. ಮನೆಯಲ್ಲಿ ಅಕ್ಕ ಓದು ಬಿಟ್ಟಿದ್ದನ್ನು ನೋಡಿದ ಒಬ್ಬಳು ತುಂಬ ಜೋರಾಗಿಯೇ ಅಂದಳು.

ಇಂಥ ಜಗಳ ಹುಟ್ಟುವ ಜಾಗವೇ ನಿಮ್ಮ ಮೂರನೇ ಗುರುತು. ಎಲ್ಲರೂ ಒಪ್ಪಿಕೊಳ್ಳುವ ಜಾಗಕ್ಕೆ ಗುರುತು ಹಾಕಿದರೆ ಮಾತು ಬೆಳೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಶುರುವಿನ ಪುಟಗಳನ್ನು ನೀವೇ ಜೋರಾಗಿ ಓದಿ

ದೊಡ್ಡ ಮಕ್ಕಳಿಗೆ ಓದಿ ಹೇಳುವುದೇನು ಅಂತ ಮೂಗು ಮುರಿಯಬೇಡಿ. ಯಾವ ಕಾದಂಬರಿಯಲ್ಲೂ ಮೊದಲ ಇಪ್ಪತ್ತು ಪುಟ ಏರು ದಾರಿ. ಹೆಸರುಗಳು ಹೊಸವು, ಊರು ಹೊಸದು. ಅಷ್ಟನ್ನು ನೀವು ದಾಟಿಸಿಕೊಟ್ಟರೆ ಉಳಿದಿದ್ದನ್ನು ಮಗುವೇ ಓದಿಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ನಾಟಕದ ಧ್ವನಿ ಬೇಡ, ಅರ್ಥ ಹೇಳಲು ಪದೇ ಪದೇ ನಿಲ್ಲಿಸುವುದೂ ಬೇಡ. ಮುಂದೇನಾಯಿತು ಅನ್ನುವ ಕುತೂಹಲ ಇರುವಾಗಲೇ ಪುಸ್ತಕ ಮುಚ್ಚಿ, ಅವರ ಕೈಗೆ ಸಿಗುವ ಕಡೆ ಇಡಿ. ರಾತ್ರಿ ಅದು ಜಾಗ ಬದಲಾಯಿಸಿದ್ದರೆ ಕೆಲಸ ಆಯಿತು ಅಂತ ಲೆಕ್ಕ.

ಐದನೇ ಹೆಜ್ಜೆ: ಮಾತು ಶುರುಮಾಡುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ತೆಗೆದುಕೊಳ್ಳುತ್ತೇನೆ. ಮೈಸೂರಿನಲ್ಲಿ ಕೂತು ಬರೆದ ಪುಸ್ತಕ, 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ ಸ್ವಾಮಿಯ ಮುಖ ನಮಗೆಲ್ಲ ಗೊತ್ತು. ಅದಕ್ಕೇ ಇದು ಬರೀ ತಮಾಷೆಯ ಪುಸ್ತಕ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಗು ಧಾರಾವಾಹಿ ನೋಡಿಲ್ಲದಿದ್ದರೆ ಪುಸ್ತಕ ಓದುವವರೆಗೆ ತೋರಿಸಬೇಡಿ.

ಸ್ವಾಮಿಗೆ ಹಳೆಯ ಸ್ನೇಹಿತರಿದ್ದಾರೆ. ಸೋಮು, ಶಂಕರ್, ಮಣಿ, ಮತ್ತೆ ಬಟಾಣಿ ಅಂತ ಅಡ್ಡಹೆಸರಿನ ಸ್ಯಾಮ್ಯುಯೆಲ್. ಅಷ್ಟರಲ್ಲಿ ಪೊಲೀಸ್ ಅಧಿಕಾರಿಯ ಮಗ ರಾಜಂ ಶಾಲೆಗೆ ಬರುತ್ತಾನೆ. ಒಳ್ಳೆ ಬಟ್ಟೆ, ಒಳ್ಳೆ ಇಂಗ್ಲಿಷ್. ಸ್ವಾಮಿ ಅವನ ಹಿಂದೆ ಬೀಳುತ್ತಾನೆ. ಒಂದು ದಿನ ಕ್ಲಾಸಿಗೆ ಬಂದರೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಬಾಲ' ಅಂತ ಬರೆದಿದೆ. ರಾಜಂನ ಬಾಲ ಅಂತ. ಬರೆದವರು ಅವನ ಹಳೆಯ ಸ್ನೇಹಿತರೇ. ಸ್ವಾಮಿ ಹೋಗಿ ಅದನ್ನು ಒರೆಸುತ್ತಾನೆ.

ಇಲ್ಲಿ "ಸ್ವಾಮಿ ಮಾಡಿದ್ದು ಸರಿಯಾ ತಪ್ಪಾ?" ಅಂತ ಕೇಳಬೇಡಿ. ಅದೂ ನೀತಿಯ ಪ್ರಶ್ನೆಯೇ, ಅಂಗಿ ಬದಲಾಯಿಸಿ ಬಂದಿದೆ ಅಷ್ಟೆ. ಬದಲಿಗೆ ಪುಟದಲ್ಲಿ ಇರುವ ವಸ್ತುವನ್ನು ಹಿಡಿದುಕೊಂಡು ಕೇಳಿ. "ಅವನು ಒರೆಸಿದ್ದು ಯಾಕೆ? ಟೀಚರ್ ಬಂದ ಮೇಲೆ ದೂರು ಹೇಳಬಹುದಿತ್ತಲ್ಲ?" ಅಥವಾ "ಅಷ್ಟು ಹೊತ್ತು ಕ್ಲಾಸಿನಲ್ಲಿ ಉಳಿದವರು ಏನು ಮಾಡುತ್ತಿದ್ದಿರಬಹುದು?" ನಾನು ಈ ಎರಡನೇ ಪ್ರಶ್ನೆ ಕೇಳಿದಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು, "ನಗ್ತಿರ್ತಾರೆ ಮಿಸ್. ನಗದೇ ಇದ್ರೆ ಮುಂದಿನ ಸಲ ಅವರ ಹೆಸರು ಬರೀತಾರಲ್ಲ" ಅಂದಳು. ಅವಳು ಮಾಲ್ಗುಡಿಯ ಬಗ್ಗೆ ಹೇಳುತ್ತಿರಲಿಲ್ಲ. ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಹುಡುಗ ತನ್ನ ಕ್ಲಾಸಿನ ವಾಟ್ಸಾಪ್ ಗ್ರೂಪಿನ ಕತೆ ತೆಗೆದ. ಅರ್ಧ ಗಂಟೆ ಅವರವರೇ ಮಾತಾಡಿಕೊಂಡರು.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ನಾವು ಎರಡು ಸೆಕೆಂಡ್ ಸುಮ್ನಿದ್ದು ಮೂರನೆಯದಕ್ಕೆ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ. ಕಿಟಕಿ ಕಡೆ ನೋಡಿ. ಬೇಕಿದ್ದರೆ ನೀರು ಕುಡಿಯಿರಿ. ಜಪಾನಿನ ತೊತ್ತೊಚಾನ್ ಕತೆ ಕನ್ನಡದಲ್ಲಿ ಓದಿದವರಿಗೆ ನೆನಪಿರಬಹುದು. ಒಂದು ಶಾಲೆಯಿಂದ ಹೊರಹಾಕಿದ ಆ ಪುಟ್ಟ ಹುಡುಗಿಯನ್ನು ಹೊಸ ಶಾಲೆಯ ಹೆಡ್‌ಮಾಸ್ಟರ್ ಮೊದಲ ದಿನ ಎದುರಿಗೆ ಕೂರಿಸಿಕೊಂಡು, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಅಂತ ನಾಲ್ಕು ಗಂಟೆ ಕೇಳಿಸಿಕೊಂಡರು. ಅದು ಕಾದಂಬರಿಯಲ್ಲ, ಲೇಖಕಿಯ ಸ್ವಂತ ಬಾಲ್ಯ. ನಾಲ್ಕು ಗಂಟೆ ನಮ್ಮ ಕೈಲಾಗದ ಮಾತು. ಇಪ್ಪತ್ತು ಎಣಿಸುವಷ್ಟಾದರೂ ಆಗಲಿ.

ಈಗ ಅದೇ ಪುಸ್ತಕದ ಕೊನೆಗೆ ಬನ್ನಿ. ಸ್ವಾಮಿ ಎರಡು ಶಾಲೆ ಬಿಟ್ಟು ಓಡಿದ್ದಾನೆ. ಎರಡನೆಯ ಸಲ ಹೆಡ್‌ಮಾಸ್ಟರ್ ಕೈಯಿಂದ ಬೆತ್ತ ಕಿತ್ತು ಕಿಟಕಿಯಿಂದಾಚೆ ಎಸೆದು ಓಡಿದ್ದಾನೆ. ಊರು ಬಿಟ್ಟು ಹೊರಟವನು ಕಾಡಿನ ದಾರಿಯಲ್ಲಿ ಕಳೆದುಹೋಗಿ, ಯಾರೋ ಕಾಪಾಡಿ ಮನೆಗೆ ತಲುಪಿಸುವಷ್ಟರಲ್ಲಿ ರಾಜಂ ಕಟ್ಟಿದ ಕ್ರಿಕೆಟ್ ತಂಡದ ಮ್ಯಾಚು ಮುಗಿದೇಹೋಗಿದೆ. ಅವನು ಆಡಲಿಲ್ಲ, ತಂಡ ಸೋತಿತು. ರಾಜಂ ಮಾತು ಬಿಟ್ಟಿದ್ದಾನೆ. ಈಗ ರಾಜಂನ ಅಪ್ಪನಿಗೆ ವರ್ಗವಾಗಿದೆ. ಸ್ವಾಮಿ ಆಂಡರ್ಸನ್ನನ ಕತೆಗಳ ಪುಸ್ತಕ ಹಿಡಿದುಕೊಂಡು ರೈಲ್ವೆ ಸ್ಟೇಷನ್ನಿಗೆ ಬರುತ್ತಾನೆ. ರೈಲು ಹೊರಟ ಮೇಲೆ, ಕೊನೇ ಗಳಿಗೆಯಲ್ಲಿ, ಪುಸ್ತಕ ಕಿಟಕಿಯೊಳಗೆ ಹೋಗುತ್ತದೆ. ರಾಜಂ ಏನೋ ಹೇಳುತ್ತಾನೆ, ಸದ್ದಿನಲ್ಲಿ ಕೇಳಿಸುವುದಿಲ್ಲ. ನಿನಗೆ ಕಾಗದ ಬರೆಯುತ್ತಾನಂತೆ ಅಂತ ಮಣಿ ಹೇಳುತ್ತಾನೆ. ಅದು ನಿಜವೋ ಸಮಾಧಾನಕ್ಕೆ ಹೇಳಿದ್ದೋ ಸ್ವಾಮಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಮಕ್ಕಳು ಮೊದಲು ಕೇಳುವುದೇ "ಬರೆದನಾ ಇಲ್ವಾ?" ಉತ್ತರ ಹೇಳಬೇಡಿ, ಹೇಳಲು ಉತ್ತರವೂ ಇಲ್ಲ. "ನಿನಗೆ ಏನನ್ನಿಸುತ್ತೆ?" ಅಂತಷ್ಟೇ ಕೇಳಿ, ಮತ್ತೆ ಎಣಿಸಿ. ಇನ್ನೊಂದು ಪ್ರಶ್ನೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. "ಮಾತು ಬಿಟ್ಟವನಿಗೆ ಕೊಡೋಕೆ ನೀನಾಗಿದ್ರೆ ಏನು ತಗೊಂಡು ಹೋಗ್ತಿದ್ದೆ?" ಈ ಪ್ರಶ್ನೆಗೆ ಯಾರೂ ಪಾಠದ ಉತ್ತರ ಕೊಡಲಾರರು. ಬಾಲ ಅನ್ನಿಸಿಕೊಂಡ ಹುಡುಗ, ಯಾರೂ ಹೇಳದೆ, ಬೈಸಿಕೊಳ್ಳಲೂ ಸಿದ್ಧನಾಗಿ ಆ ಪ್ಲಾಟ್‌ಫಾರ್ಮಿಗೆ ಬಂದಿದ್ದಾನಲ್ಲ, ನನ್ನ ಮೂರನೇ ಗುರುತು ಇರುವುದು ಅಲ್ಲಿ.

ಆರನೇ ಹೆಜ್ಜೆ: ಹೆದರಿಸುವ ಪುಸ್ತಕಗಳನ್ನೂ ಕೊಡಿ

ದೊಡ್ಡವರಿಗೆ ಹೆದರಿಕೆ ಹುಟ್ಟಿಸುವ ಪುಸ್ತಕಗಳು ಅಂತ ನನ್ನ ಮಾತಿನ ಅರ್ಥ. ತಾನು ಯಾರು ಅಂತ ಹುಡುಕುವ ಮಗು ಎಲ್ಲೋ ಒಂದು ಕಡೆ ದೊಡ್ಡವರ ಮಾತು ಮೀರುತ್ತದೆ. ಮೀರದೆ ಆಗುವ ಕೆಲಸ ಅಲ್ಲ ಅದು. ಪುಸ್ತಕದಲ್ಲಿ ಅದನ್ನು ನೋಡಿದ ಮಗು ನಾಳೆಯೇ ಮನೆ ಬಿಟ್ಟು ಓಡುವುದಿಲ್ಲ.

ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್ (ಇಂಗ್ಲೆಂಡಿನಲ್ಲಿ 1884, ಅಮೆರಿಕದಲ್ಲಿ 1885) ಇದಕ್ಕೆ ದೊಡ್ಡ ಉದಾಹರಣೆ. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದ ಕತೆ. ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಹಕ್ ಮತ್ತು ಒಡತಿಯಿಂದ ತಪ್ಪಿಸಿಕೊಂಡ ಗುಲಾಮ ಜಿಮ್ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುತ್ತಾರೆ. ಮೂವತ್ತೊಂದನೇ ಅಧ್ಯಾಯದಲ್ಲಿ ಜಿಮ್ ಸಿಕ್ಕಿಬಿದ್ದಿದ್ದಾನೆ. ಹಕ್‌ಗೆ ಚರ್ಚಿನಲ್ಲಿ, ಊರಿನಲ್ಲಿ ಕಲಿಸಿರುವುದು ಒಂದೇ. ಗುಲಾಮ ಓಡಿಹೋಗಲು ಸಹಾಯ ಮಾಡುವುದು ಕಳ್ಳತನ, ಪಾಪ. ಅವನು ಜಿಮ್‌ನ ಒಡತಿಗೆ ಒಂದು ಚೀಟಿ ಬರೆಯುತ್ತಾನೆ, ನಿಮ್ಮ ಜಿಮ್ ಇಂಥ ಕಡೆ ಇದ್ದಾನೆ ಅಂತ. ಬರೆದ ತಕ್ಷಣ ಪಾಪ ತೊಳೆದುಹೋದ ಹಾಗೆ ಹಗುರ ಅನ್ನಿಸುತ್ತದೆ. ಚೀಟಿ ಪಕ್ಕಕ್ಕಿಟ್ಟು ಯೋಚಿಸುತ್ತಾನೆ. ತನ್ನ ಪಾಳಿ ಮುಗಿದರೂ ಎಬ್ಬಿಸದೆ, ಹುಡುಗ ಮಲಗಲಿ ಅಂತ ಅವನ ಪಾಳಿಯನ್ನೂ ಕಾಯುತ್ತಿದ್ದ ಜಿಮ್ ನೆನಪಾಗುತ್ತಾನೆ. ಹಕ್ ಚೀಟಿ ಹರಿದು ಹಾಕುತ್ತಾನೆ. ಸರಿ, ನರಕಕ್ಕೇ ಹೋಗುತ್ತೇನೆ ಅಂತ.

ಗಮನಿಸಿ, ತಾನು ಮಾಡಿದ್ದು ಒಳ್ಳೆಯದು ಅಂತ ಅವನಿಗೆ ಕೊನೆಗೂ ಗೊತ್ತಾಗುವುದಿಲ್ಲ. ತಾನು ಕೆಟ್ಟವನು ಅಂತಲೇ ತಿಳಿದುಕೊಂಡಿದ್ದಾನೆ. ಓದುತ್ತಿರುವ ಮಗುವಿಗೆ ಮಾತ್ರ ಗೊತ್ತು. ಪುಸ್ತಕದ ಹುಡುಗನಿಗಿಂತ ತನಗೆ ಜಾಸ್ತಿ ತಿಳಿದಿದೆ ಅನ್ನುವ ಆ ಕ್ಷಣ ಹದಿಮೂರು ವರ್ಷದ ಓದುಗನಿಗೆ ಎಷ್ಟು ದೊಡ್ಡದು ಅಂತ ಮುಖ ನೋಡಿಯೇ ತಿಳಿಯಬೇಕು. ಈ ಪುಸ್ತಕದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ ಪುಟಪುಟಕ್ಕೂ ಬರುತ್ತದೆ. ಅದು ಆ ಕಾಲದವರು ಆಡುತ್ತಿದ್ದ ಪದ, ಈಗ ಯಾರೂ ಆಡಬಾರದ್ದು ಅಂತ ಶುರುವಿನಲ್ಲೇ ಹೇಳಿ. ಜಾತಿಯ ಹೆಸರು ಹಿಡಿದು ಬೈಯುವುದನ್ನು ನಮ್ಮ ಮಕ್ಕಳು ಕೇಳಿಯೇ ಇರುತ್ತಾರೆ. ಅವರಿಗೆ ಅರ್ಥವಾಗುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಚೀಟಿಯನ್ನು ಇಟ್ಟು ಓದಿಸಬಹುದು. ಗಾಂಧೀಜಿ ಆತ್ಮಕಥೆಯಲ್ಲಿ ಬರುವುದು. ಹದಿನೈದರ ಹುಡುಗ ಅಣ್ಣನ ತೋಳಿನ ಕಡಗದಿಂದ ಒಂಚೂರು ಚಿನ್ನ ಕದ್ದಿದ್ದನ್ನು ಚೀಟಿಯಲ್ಲಿ ಬರೆದು, ಕಾಯಿಲೆ ಮಲಗಿದ್ದ ಅಪ್ಪನ ಕೈಗೆ ಕೊಡುತ್ತಾನೆ. ಅಪ್ಪ ಓದುತ್ತಾನೆ, ಕಣ್ಣೀರು ಹಾಕುತ್ತಾನೆ, ಚೀಟಿ ಹರಿದು ಹಾಕುತ್ತಾನೆ. ಒಂದು ಕಡೆ ಹುಡುಗ ಹರಿದ, ಇನ್ನೊಂದು ಕಡೆ ಅಪ್ಪ ಹರಿದ. ಯಾಕೆ ಹರಿದರು? ಇಷ್ಟೇ ಪ್ರಶ್ನೆ. ಗೊರೂರರ ಕನ್ನಡ ಅನುವಾದದಲ್ಲಿ ಈ ಭಾಗ ಓದಲು ಐದು ನಿಮಿಷ ಸಾಕು.

ಹಕ್ ಬೇಡ, ಮಾಯಾಜಾಲದ ಕತೆಯೇ ಬೇಕು ಅನ್ನುವವರಿಗೆ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಇದೆ. ಆಡು ಕಾಯುತ್ತಿದ್ದ ಹುಡುಗ ಮಂತ್ರ ಕಲಿಯಲು ಹೋಗುತ್ತಾನೆ. ಜೊತೆಯ ಹುಡುಗನ ಎದುರು ಜಂಬ ತೋರಿಸಲು ಹೋಗಿ ಕರೆಯಬಾರದ್ದನ್ನು ಕರೆಯುತ್ತಾನೆ. ಒಂದು ನೆರಳು ಹೊರಬಂದು ಅವನ ಮುಖ ಸೀಳುತ್ತದೆ, ಆಮೇಲೆ ಬೆನ್ನು ಹತ್ತುತ್ತದೆ. ಓಡಿ ಓಡಿ ಸಾಕಾಗಿ ಅವನು ತಿರುಗಿ ಅದನ್ನೇ ಬೆನ್ನಟ್ಟುತ್ತಾನೆ. ಎದುರಾದಾಗ ಇಬ್ಬರೂ ಒಂದೇ ಹೆಸರು ಕರೆಯುತ್ತಾರೆ, ಅವನದೇ ಹೆಸರು. ಈ ಹುಡುಗನಿಗೆ ಮೂರು ಹೆಸರಿವೆ. ಚಿಕ್ಕಂದಿನದೊಂದು, ಎಲ್ಲರೂ ಕರೆಯುವುದೊಂದು, ನಂಬಿದವರಿಗೆ ಮಾತ್ರ ಹೇಳುವುದೊಂದು. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮನೆಯಲ್ಲಿ ಪುಟ್ಟ, ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಸಮೇತ ಉದ್ದ ಹೆಸರು, ಗ್ರೌಂಡಿನಲ್ಲಿ ಇನ್ನೇನೋ. "ಯಾವ ಹೆಸರಿಗೆ ನೀನು ತಕ್ಷಣ ತಿರುಗಿ ನೋಡ್ತೀಯ?" ಅಂತ ಕೇಳಿ ಬಿಟ್ಟುಬಿಡಿ.

ಏಳನೇ ಹೆಜ್ಜೆ: ಮಾತು ಬರದಿದ್ದಾಗ, ಮಾತು ತುಂಬ ಬಂದಾಗ

ಕೆಲವು ಮಕ್ಕಳು ಏನೂ ಹೇಳುವುದಿಲ್ಲ. ಹೇಳಿಸಲು ಹೋಗಬೇಡಿ. ಎಲ್ಲರ ಎದುರು ಮಾತಾಡದವರು ಪಾತ್ರೆ ತೊಳೆಯುವಾಗಲೋ ಸ್ಕೂಟರ್ ಹಿಂದೆ ಕೂತಾಗಲೋ ಹೇಳುತ್ತಾರೆ. ಮುಖ ನೋಡಿಕೊಂಡು ಕೂತಾಗ ಬರದ ಮಾತು ಆಗ ಬರುತ್ತದೆ. ಪುಸ್ತಕ ಹಿಡಿಸಲಿಲ್ಲ ಅಂದರೆ ಐವತ್ತನೇ ಪುಟಕ್ಕೆ ನಿಲ್ಲಿಸಲು ಬಿಡಿ. ದುಡ್ಡು ಕೊಟ್ಟು ತಂದಿದ್ದೇನೆ ಅನ್ನುವ ಲೆಕ್ಕ ಇಲ್ಲಿ ಬೇಡ.

ಇದರ ಇನ್ನೊಂದು ಕಡೆಯೂ ಇದೆ. ಪುಸ್ತಕದ ನೆಪದಲ್ಲಿ ಮಗು ತನಗೆ ನಿಜವಾಗಿ ಆಗುತ್ತಿರುವ ತೊಂದರೆಯನ್ನು ಹೇಳಿಬಿಡಬಹುದು. ಹೊಡೆತ, ಮೈ ಮುಟ್ಟುವುದು, ದಿನವೂ ಹೆದರಿಸುವುದು. ಆಗ ಪುಸ್ತಕದ ಮಾತು ಅಲ್ಲಿಗೆ ನಿಲ್ಲಿಸಿ. ಗುಂಪಿನ ಎದುರು ಕೆದಕಬೇಡಿ. ಆಮೇಲೆ ಒಬ್ಬರೇ ಇರುವಾಗ ಕೇಳಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಅನ್ನಿ. ಯಾರಿಗೂ ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಹೇಳಲೇಬೇಕಾಗಬಹುದು. ಮಕ್ಕಳ ಸಹಾಯವಾಣಿ 1098 ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕರೆ ಉಚಿತ. ಓದಿನ ಗುಂಪು ನಡೆಸುವವರು ಆ ಸಂಖ್ಯೆಯನ್ನು ಗೋಡೆಗೆ ಅಂಟಿಸಿಡಿ.

ಎಂಟನೇ ಹೆಜ್ಜೆ: ಮುಗಿದ ಮೇಲೆ

ಚಾರ್ಟ್ ಮಾಡಿಸಬೇಡಿ. ಪಾತ್ರ ಪರಿಚಯ ಬರೆಸಬೇಡಿ. ಅದಕ್ಕೆ ಶಾಲೆ ಇದೆ.

ಬರೆಯಲು ಇಷ್ಟಪಡುವ ಮಗುವಾದರೆ ಒಂದು ಪುಟ ಕೊಡಿ. ರಾಜಂ ಬರೆದ ಕಾಗದ, ಬರೆದಿದ್ದರೆ ಹೇಗಿರುತ್ತಿತ್ತು? ಅಥವಾ ಆನ್ ಸ್ಕಾಲರ್‌ಶಿಪ್ ತಗೊಂಡು ಹೋಗಿದ್ದರೆ ಮರಿಲ್ಲಾ ಆ ರಾತ್ರಿ ಏನು ಮಾಡುತ್ತಿದ್ದಳು? ತಿದ್ದಬೇಡಿ, ಒತ್ತಕ್ಷರ ತಪ್ಪಿದ್ದರೂ ಸರಿ. ತೋರಿಸಲು ಇಷ್ಟವಿಲ್ಲ ಅಂದರೆ ನೋಡಲೇಬೇಡಿ. ಅದೇ ಪುಸ್ತಕವನ್ನು ಇನ್ನೊಂದು ಸಲ ಓದುತ್ತೇನೆ ಅಂದರೆ, "ಓದಿದ್ದನ್ನೇ ಓದ್ತೀಯಲ್ಲ" ಅನ್ನಬೇಡಿ. ಎರಡನೇ ಸಲ ಕತೆ ಗೊತ್ತಿರುತ್ತದೆ. ಆಗಲೇ ಹುಡುಗನ ಕಡೆ ಗಮನ ಹೋಗುವುದು.

ಕ್ರಮ ಕೇಳುವವರಿಗೆ ನನ್ನ ಲೆಕ್ಕ ಹೀಗೆ. ಹತ್ತು ವರ್ಷಕ್ಕೆ ಸ್ವಾಮಿ, ಜೊತೆಗೆ ಅಕಾಡೆಮಿ ಪಟ್ಟಿಯ ಕನ್ನಡ ಪುಸ್ತಕಗಳಲ್ಲಿ ನಿಮ್ಮ ಪರೀಕ್ಷೆ ಪಾಸಾದ ಒಂದೆರಡು. ಹನ್ನೊಂದು ಹನ್ನೆರಡಕ್ಕೆ ಆನ್. ಹುಡುಗರಿಗೂ ಕೊಡಿ, ಕವರ್ ನೋಡಿ ಬೇಡ ಅಂದರೆ ಸ್ಲೇಟಿನ ಪ್ರಸಂಗ ಓದಿ ಹೇಳಿ, ಆಮೇಲೆ ನೋಡಿ. ಹನ್ನೆರಡರ ಮೇಲೆ ನೆರಳಿನ ಹುಡುಗ. ಹಕ್ ಹದಿಮೂರು ಕಳೆದ ಮೇಲೆ, ಮೊದಲ ಸಲವಾದರೂ ನೀವು ಜೊತೆಯಲ್ಲೇ ಕೂತು.